ಸೈಕಲ್ ಟ್ಯೂಬಿನ ಬೆಲ್ಟು

ತಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬೀಜದಂಗಡಿ ಇತ್ತು. ರಸ್ತೆ ಅಗಲ ಮಾಡುವುದಕ್ಕೆಂದು ಹೋದ ಚಳಿಗಾಲದಲ್ಲಿ ಆ ಕಟ್ಟಡ ಕೆಡವಿದರು. ಕೆಡವುವ ವಾರ ಮೊದಲು ಅಂಗಡಿಯವರು ನನಗೆ ಹೇಳಿ ಕಳಿಸಿದ್ದರು. ಮಹಡಿ ಮೇಲಿನ ಕೋಣೆಯಲ್ಲಿ ನಿಮ್ಮ ಸಂಗೀತ ಸಂಘದ ಸಾಮಾನು ಇನ್ನೂ ಬಿದ್ದಿದೆ, ಸಂಘದ ಹಿರಿಯರು ಯಾರೂ ಈಗಿಲ್ಲ, ಬೀಗದ ಕೈ ಇಟ್ಟುಕೊಂಡಿದ್ದವನು ನೀನೇ ತಾನೆ, ಬೇಕಾದ್ದು ತೆಗೆದುಕೊಂಡು ಹೋಗು ಎಂದು. ನಂಜನಗೂಡಿನಿಂದ ಬಸ್ಸು ಹತ್ತಿ ಹೋದೆ.

ಜಮಖಾನವನ್ನು ಇಲಿ ಕಡಿದಿತ್ತು. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿಗೆ ಗೆದ್ದಲು ಹತ್ತಿ ಅರ್ಧ ಮಣ್ಣಾಗಿತ್ತು. ಗೋಡೆಯ ಅಲ್ಮೇರದಲ್ಲಿ ಟೇಪ್ ರೆಕಾರ್ಡರು ಮಾತ್ರ ನಾನು ಇಟ್ಟ ಹಾಗೇ ಇತ್ತು. ಅದಕ್ಕೆಂದು ಟೀಚರ್ ಹೊಲಿದು ತಂದಿದ್ದ ಹೂವಿನ ಬಟ್ಟೆಯ ಗವಸು ಕೂಡ ಮೇಲೇ ಇತ್ತು.

ಅದೊಂದನ್ನೇ ಮನೆಗೆ ತಂದೆ. ಸ್ಕ್ರೂ ಸಡಿಲಿಸಿ ಬೆನ್ನಿನ ಮುಚ್ಚಳ ತೆಗೆದೆ. ಬೆಲ್ಟು ಇರಬೇಕಾದ ಜಾಗದಲ್ಲಿ ಬೆಲ್ಟು ಇರಲಿಲ್ಲ. ಎಣ್ಣೆ ಹೀರಿಕೊಂಡು ಕರಗಿ, ಚಕ್ರದ ಸುತ್ತ ಡಾಂಬರಿನಂತೆ ಮೆತ್ತಿಕೊಂಡಿತ್ತು. ಮುಟ್ಟಿದೆ, ಬೆರಳಿಗೆ ಅಂಟಿತು. ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ. ಮೂಗಿನ ಹತ್ತಿರ ತಂದರೆ ಪಂಕ್ಚರ್ ಅಂಗಡಿಯ ವಾಸನೆ.

ನನ್ನ ಹೆಂಡತಿ ನೋಡಿ, "ಏನ್ರೀ ಅದು, ರಸ್ತೆ ಕೆಲ್ಸಕ್ಕೋಗಿದ್ರಾ?" ಅಂದಳು.

"ಟೇಪ್ ರೆಕಾರ್ಡರಿನ ಬೆಲ್ಟು."

"ಎಸೀರಿ ಅತ್ಲಾಗೆ. ಈಗ್ಯಾರು ಟೇಪ್ ಕೇಳ್ತಾರೆ."

ಎಸೆಯಲು ಕೈ ಬರಲಿಲ್ಲ. ಅಷ್ಟೂ ವರ್ಷ ನಾನು ಯಾರಿಗೂ ಹೇಳದೆ ಇದ್ದ ಒಂದು ಮಳೆಗಾಲ ನನ್ನ ಬೆರಳ ತುದಿಯಲ್ಲಿ ಕೂತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಎಸ್ಸೆಸ್ಸೆಲ್ಸಿ ಮಾಡಿಕೊಂಡು ನರಸೀಪುರದ ಒಂದು ಕಚೇರಿಯಲ್ಲಿ ಅಟೆಂಡರ್ ಆಗಿದ್ದೆ. ಪೂರ್ತಿ ಹೆಸರು ಗುರುಮಲ್ಲಪ್ಪ, ಊರಿಗೆಲ್ಲ ಮಲ್ಲಣ್ಣ. ಸಂಜೆ ಕಚೇರಿ ಬಿಟ್ಟ ಮೇಲೆ ಬೀಜದಂಗಡಿ ಮೇಲಿನ ಸಂಗೀತದ ಕೋಣೆ ನೋಡಿಕೊಳ್ಳುವುದು ನನ್ನ ಇನ್ನೊಂದು ಕೆಲಸ.

ಸರ್ಕಾರ ನಡೆಸುವ ಸಂಗೀತ ಪರೀಕ್ಷೆಗೆ ಜೂನಿಯರ್, ಸೀನಿಯರ್, ವಿದ್ವತ್ ಎಂದು ಮೆಟ್ಟಿಲು. ಸೀನಿಯರ್ ಪಾಸಾಗಿ ಸರ್ಟಿಫಿಕೇಟು ಕೈಗೆ ಬಂದರೆ ಖಾಸಗಿ ಶಾಲೆಯಲ್ಲಿ ಸಂಗೀತದ ಟೀಚರ್ ಆಗಬಹುದು. ಮೈಸೂರಿನ ಮಕ್ಕಳಿಗೆ ಬೀದಿಗೊಬ್ಬರು ಗುರುಗಳಿದ್ದರು. ನಮ್ಮ ಕಡೆಯ ಮಕ್ಕಳಿಗೆ ಅಲ್ಲಿಗೆ ಹೋಗಿ ಬರುವುದೇ ಒಂದು ದಿನದ ಕೆಲಸ. ಅದಕ್ಕೆ ಊರಿನ ಕೆಲವು ರಿಟೈರಾದ ಮೇಷ್ಟ್ರುಗಳು ಸೇರಿ ಆ ಕೋಣೆ ಬಾಡಿಗೆಗೆ ಹಿಡಿದರು. ಒಂದು ಟೇಪ್ ರೆಕಾರ್ಡರು ತಂದರು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಗುಡ್ಡೆ ಹಾಕಿದರು. ಶಾಸ್ತ್ರದ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ರಟ್ಟು ಹಾಕಿಸಿದರು. ಶನಿವಾರ ಭಾನುವಾರ ಮೈಸೂರಿನಿಂದ ಶಾರದ ಟೀಚರ್ ಬರುತ್ತಿದ್ದರು. ವಿದ್ವತ್ ಮಾಡಿದವರು. ಅವರ ಶ್ರುತಿಪೆಟ್ಟಿಗೆ ಅವರ ಚೀಲದಲ್ಲೇ ಬಂದು ಅವರ ಜೊತೆಗೇ ಹೋಗುತ್ತಿತ್ತು. ಮಿಕ್ಕ ದಿನ ಅವರು ಹಾಡಿ ಕೊಟ್ಟ ಕ್ಯಾಸೆಟ್ಟುಗಳೇ ಗುರು. ಮಕ್ಕಳು ಕೇಳಿದ ಕ್ಯಾಸೆಟ್ಟನ್ನು ಕೇಳಿದ ಮಗ್ಗುಲಿಗೆ ಹಾಕಿ ಬಟನ್ ಒತ್ತುವವನು ನಾನು.

ಸಂಘದ ಕಾರ್ಯದರ್ಶಿ, ಹಳೆಯ ಹೆಡ್‌ಮೇಷ್ಟ್ರು, ಬೀಗದ ಕೈ ನನಗೆ ಕೊಡುವಾಗ ಒಂದೇ ಮಾತು ಹೇಳಿದ್ದರು. "ನೋಡು ಮಲ್ಲಣ್ಣ, ಈ ಟೇಪು ಹೊರಗೆ ಹೋದ ದಿನ ಬೀಗದ ಕೈ ನನ್ನ ಕೈಗೆ ವಾಪಸ್ ಬರಬೇಕು."

ಬರುತ್ತಿದ್ದ ಮಕ್ಕಳು ನಾಲ್ಕೋ ಐದೋ. ಎಲ್ಲರೂ ಜೂನಿಯರ್‌ನವರು, ಚಂದ್ರಕಲಾ ಒಬ್ಬಳನ್ನು ಬಿಟ್ಟು. ಅವಳಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಪಿಯುಸಿಯಲ್ಲಿ ಇಂಗ್ಲಿಷು ಉಳಿದುಕೊಂಡು ಹುಡುಗಿ ಮನೆಯಲ್ಲಿದ್ದಳು. ಜೂನಿಯರ್ ಆಗಲೇ ಪಾಸು ಮಾಡಿದ್ದಳು, ಆ ವರ್ಷ ಸೀನಿಯರ್ ಕಟ್ಟಿದ್ದಳು. ನಂಜನಗೂಡಿನ ಒಂದು ಶಾಲೆಯವರು, ಸೀನಿಯರ್ ಸರ್ಟಿಫಿಕೇಟು ತೋರಿಸಿದರೆ ಜೂನ್‌ನಿಂದ ಮಕ್ಕಳಿಗೆ ಹಾಡು ಹೇಳಿಕೊಡಲು ಬಾ ಎಂದಿದ್ದರು. ಅದು ಆಗದಿದ್ದರೆ ಅದೇ ನಂಜನಗೂಡಿನ ಪಕ್ಕದ ತಾಂಡ್ಯದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಅಲ್ಲಿ ಅವಳ ಚಿಕ್ಕಮ್ಮ ಮೊದಲೇ ಮಾತಾಡಿ ಇಟ್ಟಿದ್ದಳು.

ಅವಳಪ್ಪ ಒಂದು ಸಲ ಮೆಟ್ಟಿಲ ಹತ್ತಿರ ನಿಂತು ನನ್ನನ್ನು ಕೇಳಿದ್ದ. "ಈ ಆಡಿಂದ ನಿಜ್ವಾಗ್ಲೂ ಸಂಬ್ಳ ಬತ್ತದಾ ಸಾ? ನಾನ್ ಮೂಟೆ ಒರೋವಾಗ ಆಡ್ಕತೀನಿ, ನಂಗ್ಯಾರೂ ಕೊಟ್ಟಿಲ್ವಲ್ಲ."

"ನಿಂಗೆ ಸರ್ಟಿಫಿಕೇಟ್ ಇಲ್ಲ ಕಣಯ್ಯ," ಅಂದಿದ್ದೆ. ಇಬ್ಬರೂ ನಕ್ಕಿದ್ದೆವು. ನಗು ನಿಂತ ಮೇಲೆ ಅವನು, "ಇದೊಂದ್ ವರ್ಸ ನೋಡ್ತೀನಿ ಸಾ," ಅಂದ. "ಆಮೇಲ್ ತಾಂಡ್ಯಕ್ಕೆ ಕಳುಸ್ತೀನಿ."

ಶ್ರುತಿಯ ವಿಚಾರ ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ತಪ್ಪು ಇರುವುದೇ ಅದರಲ್ಲಿ. ಹಾಡುವವರು ಯಾವ ಎತ್ತರದಲ್ಲಿ ನಿಂತು ಹಾಡುತ್ತಾರೋ ಅದು ಅವರ ಶ್ರುತಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಅದನ್ನು ನಾಲ್ಕು, ಐದು ಎಂದು ಕರೆಯುತ್ತಾರೆ. ಐದು ಎಂದರೆ ನಾಲ್ಕಕ್ಕಿಂತ ಒಂದು ಮೆಟ್ಟಿಲು ಎತ್ತರ. ಶಾರದ ಟೀಚರದು ತೆಳುವಾದ ಎತ್ತರದ ಕಂಠ, ಅವರ ಶ್ರುತಿ ಐದು. ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡು ಅದರಲ್ಲೇ ಹೇಳಿಕೊಡುತ್ತಿದ್ದರು. ಚಂದ್ರಕಲಾಳದು ತುಂಬಿದ ದಪ್ಪ ದನಿ. ಕೆಳಗೆಲ್ಲ ಚೆನ್ನಾಗಿತ್ತು, ಮೇಲಿನ ಸ್ವರಕ್ಕೆ ಹೋಗುವಾಗ ಮಾತ್ರ ಹಿಡಿದುಕೊಳ್ಳುತ್ತಿತ್ತು. "ಅಭ್ಯಾಸ ಮಾಡು, ಬಿಟ್ಟುಕೊಳ್ಳುತ್ತೆ," ಎನ್ನುತ್ತಿದ್ದರು ಟೀಚರ್.

ಆ ವರ್ಷ ಆಷಾಢದ ಮಳೆ ಜೋರಾಗಿ ಹಿಡಿಯಿತು. ಕಬಿನಿ ಕೆಂಪಗೆ ತುಂಬಿಕೊಂಡು ಬಂದು ಸಂಗಮದಲ್ಲಿ ಕಾವೇರಿಯನ್ನು ಆಚೆ ದಡಕ್ಕೆ ಒತ್ತುತ್ತಿತ್ತು. ಆ ಮಳೆಯಲ್ಲೇ ಮೈಸೂರಿನ ತಮ್ಮ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಟೀಚರ್ ಕಾಲು ಮುರಿದುಕೊಂಡರು. ಪರೀಕ್ಷೆ ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಅವರು ಬಸ್ಸು ಹತ್ತುವ ಹಾಗಿರಲಿಲ್ಲ.

ಅವರು ಬಿಡುವ ಹೆಂಗಸಲ್ಲ. ಮಂಚದ ಮೇಲೆ ಕೂತು, ಪಕ್ಕದಲ್ಲಿ ತಂಬೂರಿ ಮೀಟಿಸಿಕೊಂಡು, ಇಡೀ ಪಾಠವನ್ನು ಮತ್ತೆ ಕ್ಯಾಸೆಟ್ಟಿಗೆ ಹಾಡಿದರು. ವಾರಕ್ಕೊಂದು ಕ್ಯಾಸೆಟ್ಟು ಬಿಳಿ ಕರ್ಚೀಫಿನಲ್ಲಿ ಗಂಟು ಕಟ್ಟಿಸಿಕೊಂಡು ಮೈಸೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತಿತ್ತು. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳುತ್ತಿದ್ದೆ. "ತಗಳಿ ಸಾ, ನಿಮ್ ಟೀಚರಮ್ಮ ಬಂದ್ರು, ಟಿಕೀಟ್ ಕೊಡ್ಸಿ," ಎಂದು ಅವನು ತಮಾಷೆ ಮಾಡುತ್ತಿದ್ದ.

ಆ ಕ್ಯಾಸೆಟ್ಟಿನಲ್ಲಿ ಅವರು ಎದುರಿಗೇ ಕೂತವರಂತೆ ಮಾತಾಡುತ್ತಿದ್ದರು. "ಚಂದ್ರಕಲಾ, ಕೇಳಿಸ್ಕೊ. ಶ್ರುತಿ ಐದು. ತಂಬೂರಿ ಕೇಳ್ತಿದೆ ತಾನೆ? ಕಲ್ಯಾಣಿ ಆಲಾಪನೆ ನಿಧಾನವಾಗಿ ಮೇಲಕ್ಕೆ ತಗೊಂಡು ಹೋಗ್ತೀನಿ, ನನ್ನ ಹಿಂದೇನೇ ಬಾ. ಅವಸರ ಮಾಡಬೇಡ. ಮಲ್ಲಣ್ಣ, ನಡುವೆ ನಿಲ್ಲಿಸಬೇಡಿ."

ಆಗಲೇ ನನಗೆ ನಾಟಕದ ಹುಚ್ಚು. ಹೊಳೆ ಆಚೆಯ ನಮ್ಮೂರಿನಲ್ಲಿ ಗೌರಿ ಹಬ್ಬ ಕಳೆದ ಮೇಲೆ ಆಡಲೆಂದು ಪೌರಾಣಿಕ ನಾಟಕ ಕಟ್ಟಿದ್ದರು. ಐವತ್ತು ಹತ್ತಿರ ಬಂದಿದ್ದ ನನಗೆ ಮೊದಲ ಸಲ ಪಾರ್ಟು ಸಿಕ್ಕಿತ್ತು, ಮಂತ್ರಿಯದು. ನಾಲ್ಕು ಹಾಡು.

"ಮಂತ್ರಿಗ್ಯಾಕ್ಲಾ ನಾಕು ಆಡು? ರಾಜಂಗೇ ಮೂರಿರದು," ಎಂದು ರಾಜನ ಪಾರ್ಟಿನವನು ಕಿಚಾಯಿಸುತ್ತಿದ್ದ.

"ರಾಜ ಆಡ್ತಾ ಕುಂತ್ರೆ ರಾಜ್ಯ ನೋಡೋರ್ ಬ್ಯಾಡ್ವಾ," ಎಂದು ನಾನು.

ಹಾರ್ಮೋನಿಯಂ ಮೇಷ್ಟ್ರು ನನ್ನ ಹಾಡುಗಳನ್ನು ಒಂದು ಕ್ಯಾಸೆಟ್ಟಿಗೆ ಹಾಡಿಕೊಟ್ಟಿದ್ದರು. ಮನೆಯಲ್ಲಿ ಟೇಪ್ ಇರಲಿಲ್ಲ. ಒಂದು ಭಾನುವಾರ ಸಂಘದ ಟೇಪ್ ರೆಕಾರ್ಡರನ್ನು ರೈನ್‌ಕೋಟಿನಲ್ಲಿ ಸುತ್ತಿ ಮನೆಗೆ ಒಯ್ದೆ. ಸೋಮವಾರ ಮಕ್ಕಳು ಬರುವಷ್ಟರಲ್ಲಿ ವಾಪಸ್ಸು. ಮುಂದಿನ ಭಾನುವಾರವೂ ಹಾಗೇ ಮಾಡಿದೆ. ಒಂದು ಸಾಲು ಕೇಳುವುದು, ಹಿಂದಕ್ಕೆ ತಿರುಗಿಸುವುದು, ಮತ್ತೆ ಕೇಳುವುದು. ಅಷ್ಟು ಸಲ ಹಿಂದೆ ಮುಂದೆ ಎಳೆದಾಡಿದರೆ ಯಾವ ಬೆಲ್ಟು ತಡೆದೀತು. ಮೂರನೆಯ ಭಾನುವಾರ ಒಳಗೆ ಪಟ್ಟೆಂದಿತು. ಚಕ್ರ ನಿಂತಿತು.

ಬೆಲ್ಟು ಮೈಸೂರಿನಿಂದ ಬರಬೇಕು, ವಾರ ಆಗುತ್ತದೆ ಎಂದು ರೇಡಿಯೋ ಅಂಗಡಿಯವನು ಹೇಳಿದ. ಆದರೆ ಮಾರನೆಯ ಸಂಜೆಗೆ ಮಕ್ಕಳು ಬರುತ್ತಾರೆ. ಹೊರಗೆ ಒಯ್ದಿದ್ದೆ ಎಂಬುದು ಕಾರ್ಯದರ್ಶಿಗಳಿಗೆ ಗೊತ್ತಾಗುತ್ತದೆ. ಪಂಕ್ಚರ್ ಅಂಗಡಿಯ ಬಾಷಾನ ಹತ್ತಿರ ಹೋದೆ.

"ಏನಣ್ಣ, ಟೇಪ್ ರೆಕಾರ್ಡ್ ಪಂಕ್ಚರಾಯ್ತಾ?" ಎಂದ ಅವನು.

ಹಳೆಯ ಸೈಕಲ್ ಟ್ಯೂಬಿನಿಂದ ಸಣ್ಣಗೆ ಒಂದು ಬಳೆಯಂತೆ ಕತ್ತರಿಸಿ ಚಕ್ರಗಳಿಗೆ ಹಾಕಿದ. ತಿರುಗಿತು. ಇಬ್ಬರೂ ಕಿವಿಗೊಟ್ಟು ಕೇಳಿದೆವು.

"ವಸಿ ಸೋಂಬೇರಿ ಆಗದೆ ಕಣಣ್ಣ," ಅಂದ ಬಾಷಾ.

"ಯಾರ್ಗ್ ಗೊತ್ತಾಗ್ತದೆ ಬುಡು," ಅಂದೆ ನಾನು.

ಅದನ್ನು ಕೋಣೆಗೆ ಒಯ್ಯುವ ಮುಂಚೆ ಮನೆಯಲ್ಲಿ ನನ್ನ ಹಾಡು ಒಂದು ಸಲ ಹಾಕಿ ನೋಡಿದೆ. ಅಷ್ಟು ದಿನ ಎಟುಕದೆ ಇದ್ದ ಮೇಲಿನ ಸ್ವರ ಸಲೀಸಾಗಿ ಬಂತು. ಅಭ್ಯಾಸ ಕೈಗೂಡಿತು ಎಂದುಕೊಂಡು ಹಿಗ್ಗಿದೆ. ಆಮೇಲಿನ ಭಾನುವಾರಗಳಲ್ಲೂ ಒಯ್ದು ಅದರ ಜೊತೆಯೇ ಹಾಡಿ ರೂಢಿ ಮಾಡಿಕೊಂಡೆ.

ಮಾರನೆಯ ಸಂಜೆ ಚಂದ್ರಕಲಾ ಜಮಖಾನದ ಮೇಲೆ ಕೂತು ಟೀಚರ್ ದನಿ ಕೇಳುತ್ತಲೇ ತಲೆ ಎತ್ತಿದಳು. "ಟೀಚರ್‌ಗೆ ನೆಗಡಿ ಆದಂಗದೆ ಅಲ್ವಾ ಸಾ?"

"ಮಳೆ ಅಲ್ವೇನಮ್ಮ," ಅಂದೆ.

ಆ ಮಾತಿನಿಂದ ಶುರುವಾಯಿತು.

ಕೆಲವೇ ದಿನಗಳಲ್ಲಿ ಅವಳ ಕಂಠ ಬಿಟ್ಟುಕೊಂಡಿತು. ಮೇಲೆ ಹೋಗುವಾಗ ಹಿಡಿದುಕೊಳ್ಳುತ್ತಿದ್ದ ದನಿ ಈಗ ಬಾಗಿಲು ತೆರೆದ ಹಾಗೆ ಹರಿಯಿತು. ಕಲ್ಯಾಣಿಯಲ್ಲಿ ಮೇಲಿನ ಷಡ್ಜ ಮುಟ್ಟಿ, ಅಲ್ಲಿ ನಿಂತು, ಇನ್ನೂ ಆಚೆಗೆ ಹೋಗಿ ತಾನೇ ಬೆರಗಾದವಳಂತೆ ನನ್ನ ಕಡೆ ನೋಡಿ ನಗುತ್ತಿದ್ದಳು. ಹೊರಗೆ ಮಳೆ ಬರುತ್ತಿತ್ತು. ಕೆಳಗೆ ಬೀಜದಂಗಡಿಯವರು ತಕ್ಕಡಿ ಹಿಡಿದುಕೊಂಡೇ ಕೇಳುತ್ತಿದ್ದರಂತೆ. ರಾಗಿ ಬಿತ್ತನೆಬೀಜ ಕೊಳ್ಳಲು ಬಂದವರು ಕೊಂಡ ಮೇಲೂ ಹೋಗುತ್ತಿರಲಿಲ್ಲ, "ಮಳೆ ನಿಲ್ಲಿ" ಎಂದು ನಿಲ್ಲುತ್ತಿದ್ದರಂತೆ, ಮಳೆ ನಿಂತಿದ್ದರೂ. ಅವಳಪ್ಪ ಒಂದು ಸಂಜೆ ಮಂಡಿಯಿಂದ ನೇರ ಬಂದು ಮೆಟ್ಟಿಲ ಮೇಲೆ ಹೆಗಲ ಟವಲು ಹಾಸಿಕೊಂಡು ಕೂತು ಕೇಳಿದ. ಹೋಗುವಾಗ ನನಗೆ ಕೈಮುಗಿದ. ನನಗೆ ಏಕೆ ಕೈಮುಗಿದನೋ.

ನಾಟಕದ ದಿನ ಬಂತು. ಮುಖಕ್ಕೆ ಬಣ್ಣ, ತಲೆಗೆ ಪೇಟ. ಹಾರ್ಮೋನಿಯಂ ಮೇಷ್ಟ್ರು ಸ್ವರ ಕೊಟ್ಟರು. ನಾನು ಎತ್ತಿಕೊಂಡೆ. ಎರಡನೆಯ ಸಾಲಿನಲ್ಲಿ ಮೇಲಕ್ಕೆ ಹೋಗಬೇಕಾದ ಕಡೆ ದನಿ ಕೀರಲಾಗಿ ಒಡೆದು ಹೋಯಿತು. ಮತ್ತೆ ಎತ್ತಿಕೊಂಡೆ, ಮತ್ತೆ ಒಡೆಯಿತು.

"ಮಂತ್ರಿನ ಯಾರೋ ತುಳುದ್ರು ಕಣ್ರಲಾ," ಎಂದು ಮುಂದಿನ ಸಾಲಿನಿಂದ ಒಬ್ಬ ಕೂಗಿದ. ಊರೆಲ್ಲ ನಕ್ಕಿತು. ರಾಜ ಕೂಡ ಸಿಂಹಾಸನದ ಮೇಲೆ ಕೂತು ನಕ್ಕ.

ಬಣ್ಣ ಒರೆಸಿಕೊಳ್ಳುವಾಗ ಹಾರ್ಮೋನಿಯಂ ಮೇಷ್ಟ್ರು ಚಹಾ ಹಿಡಿದುಕೊಂಡು ಹತ್ತಿರ ಬಂದರು. "ನಿನ್ನ ಗಂಟಲಿಗೇನೂ ಆಗಿಲ್ಲ ಕಣಯ್ಯ. ನೀನು ಒಂದು ಮೆಟ್ಟಿಲು ಕೆಳಗೆ ಕಲ್ತಿದೀಯ. ನಾನು ಐದರಲ್ಲಿ ಹಾಡಿಕೊಟ್ಟೆ, ನೀನು ನಾಲ್ಕರಲ್ಲಿ ರೂಢಿ ಮಾಡ್ಕೊಂಡಿದೀಯ. ನಿನ್ನ ಟೇಪು ನಿಧಾನ ಓಡ್ತದೆ."

ಮೊದಲು ಸಮಾಧಾನವಾಯಿತು, ತಪ್ಪು ನನ್ನ ಗಂಟಲಿನದಲ್ಲವಲ್ಲ ಎಂದು. ಆಮೇಲೆ ಚಂದ್ರಕಲಾ ನೆನಪಾದಳು. ಐದು ಎಂದುಕೊಂಡು ದಿನಾ ನಾಲ್ಕರಲ್ಲಿ ಹಾಡುತ್ತಿದ್ದಾಳೆ. ಬಿಟ್ಟುಕೊಂಡದ್ದು ಅವಳ ಗಂಟಲಲ್ಲ, ಕೆಳಗಿಳಿದದ್ದು ನಮ್ಮ ಟೇಪು.

ಪರೀಕ್ಷೆಗೆ ಇನ್ನೂ ವಾರಗಳಿದ್ದವು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಿನ್ನ ಶ್ರುತಿ ನಾಲ್ಕು ಕಣಮ್ಮ, ಅಲ್ಲಿ ಕೇಳಿದರೆ ನಾಲ್ಕು ಅನ್ನು. ನಾಲ್ಕರಲ್ಲಿ ಹಾಡಿದರೆ ಯಾರೂ ಒಂದು ಅಂಕ ಕಳೆಯುವುದಿಲ್ಲ, ಅವರವರ ಕಂಠಕ್ಕೆ ಅವರವರ ಶ್ರುತಿ. ಆದರೆ ನಿಮಗೆ ಹೇಗೆ ಗೊತ್ತಾಯಿತು ಸಾ ಎಂದು ಅವಳು ಕೇಳುತ್ತಾಳೆ. ಸದ್ದಿಲ್ಲದೆ ಹೊಸ ಬೆಲ್ಟು ಹಾಕಿಸಿದರೂ ಟೀಚರ್ ದನಿ ರಾತ್ರಿ ಕಳೆಯುವುದರೊಳಗೆ ಮೇಲೇರುತ್ತದೆ, ಎಲ್ಲ ಮಕ್ಕಳೂ ಕೇಳುತ್ತಾರೆ. ಟೇಪು ಎಲ್ಲಿಗೆ ಹೋಗಿತ್ತು, ಏಕೆ ಹೋಗಿತ್ತು ಎಲ್ಲ ಹೊರಬರುತ್ತದೆ. ಬೀಗದ ಕೈ ಹೋಗುವುದು ಅಷ್ಟೇನೂ ಅಲ್ಲ. ನಮ್ಮೂರಿನಲ್ಲಿ ನಕ್ಕವರ ಜೊತೆ ನರಸೀಪುರವೂ ನಗುತ್ತದೆ, ಸಂಘದ ಟೇಪು ಕದ್ದು ಮಂತ್ರಿಯಾದ ಅಟೆಂಡರ್ ಎಂದು. ಅದಕ್ಕೆ ಹೆದರಿದೆ. ಪರೀಕ್ಷೆ ಮಾಡುವವರು ವಿದ್ವಾಂಸರು, ಅವರೇ ಸರಿಮಾಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಹಾಡುವಾಗ ಅದನ್ನು ನಂಬುವುದು ಸುಲಭವಾಗಿತ್ತು. ಅಷ್ಟು ಚೆನ್ನಾಗಿ ಹಾಡುವವಳನ್ನು ಯಾರು ತಾನೇ ಫೇಲು ಮಾಡುತ್ತಾರೆ.

ಮೈಸೂರಿನ ಒಂದು ಶಾಲೆಯಲ್ಲಿ ಪರೀಕ್ಷೆ. ಮಕ್ಕಳನ್ನು ಕರೆದುಕೊಂಡು ಕಾರ್ಯದರ್ಶಿಗಳೂ ನಾನೂ ಹೋದೆವು. ಬಸ್ಸಿನಲ್ಲಿ ಚಂದ್ರಕಲಾ ಬಾಯಿಗೆ ಕಾಳುಮೆಣಸು ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ನೀಲಿ ಸೀರೆ, ಅವಳಮ್ಮನದು. ಒಂದೇ ಸಲ ಕಣ್ಣು ಬಿಟ್ಟು, "ನಂಜನಗೂಡ್ಗೆ ಬೆಳ್ಗೆ ಎಷ್ಟೊತ್ಗೆ ಬಸ್ಸದೆ ಸಾ, ಸ್ಕೂಲ್ ಟೈಮಿಗೆ?" ಎಂದು ಕೇಳಿದಳು.

ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ನಾವಿಬ್ಬರು ವರಾಂಡದ ಕಿಟಕಿಯ ಹತ್ತಿರ ನಿಂತಿದ್ದೆವು. ಕಾರ್ಯದರ್ಶಿಗಳ ಛತ್ರಿಯಿಂದ ನೀರು ಸೋರಿ ನನ್ನ ಕಾಲ ಹತ್ತಿರ ಬೀಳುತ್ತಿತ್ತು.

"ಶ್ರುತಿ ಎಷ್ಟಮ್ಮ?" ಎಂದು ಒಳಗೆ ಪರೀಕ್ಷಕರು ಕೇಳಿದರು.

"ಐದು ಸಾರ್," ಅಂದಳು ಚಂದ್ರಕಲಾ. ದನಿಯಲ್ಲಿ ಅನುಮಾನವೇ ಇರಲಿಲ್ಲ.

ಶ್ರುತಿಪೆಟ್ಟಿಗೆಯನ್ನು ಐದಕ್ಕೆ ತಿರುಗಿಸಿದರು. ಅವಳು ಶುರುಮಾಡಿದಳು. ಮೊದಲ ಸ್ವರದಲ್ಲೇ ತಡವರಿಸಿದ್ದು ನನಗೆ ಗೊತ್ತಾಯಿತು, ಕತ್ತಲಲ್ಲಿ ಮೆಟ್ಟಿಲು ಇಲ್ಲದ ಕಡೆ ಕಾಲಿಟ್ಟವರ ಹಾಗೆ. ಕೆಳಗಿನದೆಲ್ಲ ಹೇಗೋ ದಾಟಿತು. ಮೇಲಿನ ಷಡ್ಜದ ಹತ್ತಿರ ಹೋಗಿ ದನಿ ಒಡೆಯಿತು. ನಿಲ್ಲಿಸಿ, ಕೆಮ್ಮಿ, ಮತ್ತೆ ಎತ್ತಿಕೊಂಡಳು. ಅದೇ ಜಾಗದಲ್ಲಿ ಮತ್ತೆ ಒಡೆಯಿತು.

ಪರೀಕ್ಷಕರು ಒಳ್ಳೆಯವರು. "ಸ್ವಲ್ಪ ಇಳಿಸ್ಲೇನಮ್ಮ? ನಿನ್ನ ಕಂಠಕ್ಕೆ ಐದು ಜಾಸ್ತಿ ಅನ್ನಿಸುತ್ತೆ," ಎಂದರು.

"ಬ್ಯಾಡಿ ಸಾರ್. ನಂದು ಐದೇ. ದಿನಾ ಅದ್ರಲ್ಲೇ ಆಡ್ತಿದ್ದೆ."

ನಾಲ್ಕು ಇಡಿ ಸಾರ್ ಎಂಬ ಮಾತು ನನ್ನ ಬಾಯಿಗೇ ಬಂದಿತ್ತು. ಕಿಟಕಿ ತೆರೆದಿತ್ತು. ಕೂಗುವುದೂ ಬೇಕಿರಲಿಲ್ಲ. ಪಕ್ಕದಲ್ಲಿ ಕಾರ್ಯದರ್ಶಿಗಳು, "ಯಾಕೆ ಹೀಗಾಯ್ತು ಈ ಹುಡುಗಿಗೆ?" ಎಂದು ನನ್ನ ಮುಖ ನೋಡಿದರು. ಮಾತು ನುಂಗಿದೆ.

ವಾಪಸ್ಸು ಬರುವಾಗ ಅವಳು ಅಳಲಿಲ್ಲ. "ನನ್ ಗಂಟ್ಲು ನಂದೇ ಅಲ್ವೇನೋ ಅನ್ನಂಗಾಯ್ತು ಸಾ," ಅಂದಳು.

"ಮೆಣಸು ಜಾಸ್ತಿ ಆಯ್ತೇನೋ," ಅಂದೆ. ನಾನು ಮಾಡಿದ್ದರಲ್ಲಿ ಬಹಳ ಕೆಟ್ಟದ್ದು ಆ ಮಾತು. ಬೆಲ್ಟಿನ ತಪ್ಪನ್ನು ತೆಗೆದು ಅವಳ ಗಂಟಲಿಗೆ ಹಾಕಿದೆ.

ಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿತ್ತು. ಹಾಡಿನಲ್ಲಿ ಫೇಲು. ಜೂನಿಯರ್‌ನ ಮಕ್ಕಳ ಪಾಠ ಮೇಲಕ್ಕೆ ಹೋಗುವಂಥದ್ದಲ್ಲ, ಅವರೆಲ್ಲ ಪಾಸಾದರು. ಅವಳು ಜೆರಾಕ್ಸ್ ಪುಸ್ತಕ ವಾಪಸ್ಸು ಕೊಡಲು ಬಂದಳು. ಮುಂದಿನ ವರ್ಷ ಮತ್ತೆ ಕಟ್ಟಮ್ಮ ಎಂದೆ. "ನಂಗೆ ಆಡೋ ಗಂಟ್ಲಿಲ್ಲ ಸಾ. ಮಳೆಗಾಲ್ದಲ್ಲಿ ಬಂದಿತ್ತು, ಓಯ್ತು," ಅಂದಳು. ಜೂನ್ ತಿಂಗಳಲ್ಲಿ ನಂಜನಗೂಡಿಗೇ ಹೋದಳು, ತಾಂಡ್ಯದ ಪ್ಯಾಕಿಂಗಿಗೆ. ಅಲ್ಲೇ ಮದುವೆಯೂ ಆಯಿತು.

ಟೀಚರ್ ಕೋಲೂರಿಕೊಂಡು ಮತ್ತೆ ಬರುವಷ್ಟರಲ್ಲಿ ನಾನು ಟೇಪು ಕೆಟ್ಟಿದೆ ಎಂದು ಹೇಳಿ ಗವಸು ಹಾಕಿ ಅಲ್ಮೇರದಲ್ಲಿಟ್ಟಿದ್ದೆ. "ಐದರಲ್ಲಿ ಅವಳಿಗೆ ಬಂದಿತ್ತು ಅಂದ್ರಲ್ಲ ಮಲ್ಲಣ್ಣ, ಹೇಗೆ ಹೋಯ್ತು?" ಎಂದು ಅವರು ಬಹಳ ಸಲ ಕೇಳಿದರು. ಹೊಸ ಟೇಪು ಕೊಳ್ಳುವ ಮಾತು ಮಾತಾಗಿಯೇ ಉಳಿದು, ಮಕ್ಕಳು ಒಬ್ಬೊಬ್ಬರೇ ಬಿಟ್ಟು, ಎರಡು ಸಾವಿರದ ಇಸವಿ ದಾಟಿದ ಮೇಲೆ ಸಂಘವೇ ನಿಂತಿತು. ಟೀಚರ್ ಈಗಿಲ್ಲ. ಅವರಿಗೆ ಉತ್ತರ ಕೊಡದೆ ಉಳಿದೆ.

ರಿಟೈರಾಗಿ ನಾನೂ ನಂಜನಗೂಡಿಗೆ ಬಂದೆ. ತಾಂಡ್ಯದ ಶಿಫ್ಟು ಬಿಟ್ಟಾಗ ಟಿಫಿನ್ ಚೀಲ ಹಿಡಿದು ಬರುವ ಹೆಂಗಸರ ನಡುವೆ ಅವಳನ್ನು ಆಗಾಗ ಕಾಣುತ್ತಿದ್ದೆ, ಮುಖ ತಿರುಗಿಸುತ್ತಿದ್ದೆ. ಒಂದು ಸಲ ಅವಳೇ ಹಿಡಿದಳು. "ಮಲ್ಲಣ್ಣಾರೆ, ಈಗ್ಲೂವೆ ನಾಟ್ಕ ಆಡ್ತೀರಾ?" ಎಂದು ನಕ್ಕಳು. ಇಲ್ಲ ಎಂದೆ. ನೀನು ಹಾಡುತ್ತೀಯಾ ಎಂದು ಕೇಳುವ ಧೈರ್ಯ ಬರಲಿಲ್ಲ.

ಬೆರಳಿನ ಕಪ್ಪು ಸೀಮೆಎಣ್ಣೆಗೆ ಹೋಯಿತು. ಟೇಪ್ ರೆಕಾರ್ಡರನ್ನು ರೇಡಿಯೋ ರಿಪೇರಿಯ ಹಳಬನೊಬ್ಬನ ಹತ್ತಿರ ಒಯ್ದೆ. ಅವನು ತೊಳೆದು ಹೊಸ ಬೆಲ್ಟು ಹಾಕಿದ. ಒಳಗೆ ಒಂದು ಕ್ಯಾಸೆಟ್ಟು ಹಾಗೇ ಇತ್ತು. ಬಟನ್ ಒತ್ತಿದರೆ ಟೀಚರ್. "ಚಂದ್ರಕಲಾ, ಕೇಳಿಸ್ಕೊ. ಶ್ರುತಿ ಐದು." ತೆಳ್ಳನೆಯ, ಎತ್ತರದ, ಅವರ ನಿಜವಾದ ದನಿ.

ಭಾನುವಾರ ಅದನ್ನು ತೆಗೆದುಕೊಂಡು ಅವಳ ಮನೆಗೆ ಹೋದೆ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. "ಬನ್ನಿ ಸಾ, ಕುಂತ್ಕಳಿ," ಎಂದು ಮಣೆ ಕೊಟ್ಟಳು. ಗವಸು ನೋಡಿದ ಕೂಡಲೇ ಗುರುತು ಹಿಡಿದಳು.

ಎಲ್ಲ ಹೇಳಿದೆ. ರೈನ್‌ಕೋಟು, ಬಾಷಾನ ಅಂಗಡಿ, ನಾಟಕ, ಕಿಟಕಿ. ಮೆಣಸಿನ ಮಾತು ಕೂಡ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಬೀಳುತ್ತಲೇ ಇತ್ತು. ನಾನು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಬಿತ್ತು.

"ನನ್ ಮಗೀಗೆ ಜೋಗುಳ ಆಡಿಲ್ಲ ಸಾ ನಾನು," ಅಂದಳು ಕಡೆಗೆ. "ಕೆಟ್ಟ ಗಂಟ್ಲು, ಮಗಾ ಬೆಚ್ಬೀಳ್ತದೆ ಅಂತ."

ಏನಾದರೂ ಹೇಳಬೇಕೆಂದು, "ಪರೀಕ್ಷೆಗೆ ವಯಸ್ಸಿಲ್ಲ ಕಣಮ್ಮ, ಈಗ್ಲೂ ಕಟ್ಟಬಹುದು..." ಎಂದೆ.

"ನೀವ್ ಏಳ್ಬ್ಯಾಡಿ ಅದ್ನ," ಅಂದಳು. ದನಿ ಎತ್ತಲಿಲ್ಲ. "ಕಟ್ಟೋದು ಬುಡೋದು ನಾನ್ ನೋಡ್ಕತೀನಿ. ಆಕಿ ಅದ್ನ."

ಬೆಲ್ಟು ತೋರಿಸಲೆಂದು ಬೆನ್ನಿನ ಮುಚ್ಚಳ ಹಾಕಿರಲಿಲ್ಲ. ಹಾಗೇ ನಿಲ್ಲಿಸಿ ಬಟನ್ ಒತ್ತಿದೆ. ತಂಬೂರಿ, ಆಮೇಲೆ ಟೀಚರ್. ಚಂದ್ರಕಲಾ ಕೇಳಿದಳು. ತಲೆ ಆಡಿಸಿದಳು. "ಇವ್ರಲ್ಲ. ನಂಗೆ ಏಳ್ಕೊಟ್ಟವ್ರು ಇವ್ರಲ್ಲ."

ಎದ್ದು ಬಂದು ಟೇಪಿನ ಹಿಂದುಗಡೆ ಕೂತಳು. ತಿರುಗುತ್ತಿದ್ದ ದಪ್ಪ ಚಕ್ರವನ್ನು ಸ್ವಲ್ಪ ಹೊತ್ತು ನೋಡಿದಳು. ಅವರೆ ಸೊನೆ ಅಂಟಿದ್ದ ಒಂದು ಬೆರಳನ್ನು ಮೆಲ್ಲಗೆ ಅದರ ಅಂಚಿಗೆ ಒತ್ತಿದಳು. ಚಕ್ರ ನಿಧಾನವಾಯಿತು. ಟೀಚರ್ ದನಿ ನಡುಗಿ, ದಪ್ಪವಾಗಿ, ಕೆಳಗಿಳಿಯಿತು. ಬೆರಳು ಇನ್ನೂ ಸ್ವಲ್ಪ ಒತ್ತಿದಳು. ಅಲ್ಲಿ ನೆಲೆ ನಿಂತಿತು ಆ ಮಳೆಗಾಲದ ದನಿ, ನೆಗಡಿಯಾದಂಥದ್ದು.

ಅವಳ ತುಟಿ ಅಲ್ಲಾಡಿದ್ದು ಕಂಡಿತು, ಹಾಡಿದಳೋ ಇಲ್ಲವೋ ನನಗೆ ಕೇಳಿಸಲಿಲ್ಲ. ಬೆರಳು ತೆಗೆದಳು. ದನಿ ಮೇಲಕ್ಕೆ ಹಾರಿತು.

"ಇಷ್ಟೇಯಾ ಸಾ?" ಅಂದಳು, ಬೆರಳನ್ನು ನೋಡುತ್ತ. "ಇಷ್ಟೇ ಇದ್ದುದ್ದು?"

"ಇಷ್ಟೇ ಕಣಮ್ಮ."

ಮುಚ್ಚಳ ಹಾಕಿಕೊಡಲೇ ಎಂದೆ. ಬ್ಯಾಡ, ಹಾಗೇ ಇರಲಿ, ಟೇಪು ಇಲ್ಲೇ ಇರಲಿ ಅಂದಳು. ಕಾಫಿ ಕುಡಿಯಿರಿ ಅನ್ನಲಿಲ್ಲ. ನಾನು ಎದ್ದೆ.

ಬೀದಿಯ ತಿರುವಿನವರೆಗೆ ಬಂದಿದ್ದೆ. ಹಿಂದೆ ಟೀಚರ್ ದನಿ ಎತ್ತರದಲ್ಲಿ ಶುರುವಾಗಿ, ನಡುಗಿ, ಕೆಳಗಿಳಿದು ನಿಂತದ್ದು ಕೇಳಿಸಿತು. ಅದರ ಹಿಂದೆ ಇನ್ನೊಂದು ದನಿ ಎದ್ದಿತು. ತುಕ್ಕು ಹಿಡಿದ ಹಾಗಿತ್ತು, ಮೊದಲ ಸ್ವರಗಳಲ್ಲಿ ದಾರಿ ತಡಕಿತು. ಆಮೇಲೆ ಒಂದೊಂದೇ ಮೆಟ್ಟಿಲು ಮೇಲೆ ಹೋಯಿತು. ನಾನು ಅಲ್ಲೇ ನಿಂತೆ. ಮೇಲಿನ ಷಡ್ಜದ ಹತ್ತಿರ ಬಂತು. ಅವಳ ದನಿ ಅಲ್ಲಿಗೆ ಹೋಗಿ ಮುಟ್ಟಿತು, ಒಡೆಯಲಿಲ್ಲ, ನಿಂತಿತು.